ಕೈಕಾಲು ಆಡದ ಹೊತ್ತು

ರಂಗಮಂದಿರದ ಹಿಂಬದಿಯ ಮೇಲಿನ ಗೂಡಿನಲ್ಲಿ ಕುಳಿತು ದೀಪ ಏರಿಸಿ ಇಳಿಸುವುದು ಅಕ್ಕನ ಕೆಲಸ. ಕೆಳಗೆ ಆ ಬೆಳಕಿನಲ್ಲಿ ಕುಣಿಯುವುದು ತಂಗಿಯದು. ಹೋದ ಸಲದ ಪ್ರದರ್ಶನದಲ್ಲಿ ತಂಗಿ ನಟ್ಟನಡುವೆ ನಿಂತುಬಿಟ್ಟಿದ್ದಳು. ಜೊತೆಯವರು ಕಂಬವನ್ನು ಬಳಸಿ ಹೋಗುವಂತೆ ಅವಳನ್ನು ಬಳಸಿಕೊಂಡು ಕುಣಿತ ಮುಗಿಸಿದ್ದರು.

"ಏನಾಗಿತ್ತೇ ನಿಂಗೆ?"

"ಎದೆ ಹಾರ್ತಿತ್ತು ಅಕ್ಕಾ. ಜೀವ ಬಾಯಿಗೆ ಬಂದಿತ್ತು. ಕೈಕಾಲೇ ಆಡಲಿಲ್ಲ."

"ಎದೆ ಹಾರ್ತು, ಜೀವ ಎದ್ದು ಬಾಯಿಗೆ ಬಂತು. ಇವೆಲ್ಲ ಇಷ್ಟು ಓಡಾಡ್ತಿರುವಾಗ ನೀನೊಬ್ಬಳೇ ನಿಂತಿದ್ಯಾ?"

ನಗಿಸಲೆಂದು ಅಂದ ಮಾತು. ತಂಗಿ ನಗಲಿಲ್ಲ. ಕನ್ನಡಿಯ ಮುಂದೆ ಹೋಗಿ, ಪಾದಗಳನ್ನು ನೆಲಕ್ಕೆ ಊರಿ, ಪಕ್ಕೆಲುಬುಗಳನ್ನಷ್ಟೇ ಹಾರಿಸಿ ನೋಡಿದಳು. ಅವಳ ಹೊಸ ಕುಣಿತ ಹುಟ್ಟಿದ್ದು ಅಲ್ಲಿ. ಕಿವಿಯವರೆಗೆ ಏರಿದ ಭುಜ, ಹಗ್ಗದಂತೆ ಹುರಿಗೊಂಡ ಹೊಟ್ಟೆ, ಅರ್ಧಕ್ಕೇ ತುಂಡಾಗುವ ಉಸಿರು, ಒಂದೊಂದೇ ಬಂದು ಅದರಲ್ಲಿ ಸೇರಿಕೊಂಡವು.

ತಂಡದ ಮೇಷ್ಟ್ರು ನೋಡಿ ಒಪ್ಪಿದರು. ಒಪ್ಪಿ, "ಮತ್ತೆ ನಡುವೆ ನಿಂತುಬಿಟ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ ತಾಯಿ" ಎಂದೂ ಹೇಳಿದರು.

ಅಕ್ಕ ಒಂದು ಉಪಾಯ ಹೂಡಿದಳು. ಭಯ ನಿಜಕ್ಕೂ ಮೈಗೆ ಹತ್ತಿತೆಂದರೆ ತಂಗಿ ಕುತ್ತಿಗೆಯ ಹಿಂದೆ ಅಂಗೈ ಇಟ್ಟುಕೊಳ್ಳಬೇಕು; ಅಕ್ಕ ದೀಪ ಆರಿಸಬೇಕು. "ಕರೆಂಟ್ ಕೈಕೊಡ್ತು ಅಂತೀನಿ. ಬೈಗುಳ ನಾನು ತಿಂತೀನಿ, ನೀನು ಕತ್ತಲಲ್ಲಿ ಒಳಗೆ ಹೋಗ್ಬಿಡು."

ಅಭ್ಯಾಸದಲ್ಲೊಮ್ಮೆ ಭಯ ಬಂದೇ ಬಂತು. ಕೈ ಕುತ್ತಿಗೆಗೆ ಹೋಯಿತು. ಅಕ್ಕ ದೀಪದ ಹಿಡಿ ಮುಟ್ಟುವ ಮೊದಲೇ ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಭೇಷ್! ಕುಣಿತ ಮುಗಿಯೋದು ಇದರಲ್ಲೇ."

ಸನ್ನೆ ಕುಣಿತದ ಪಾಲಾಯಿತು.

"ಇನ್ನು ನಂಗೆ ಹೇಗೆ ಗೊತ್ತಾಗ್ಬೇಕೇ?"

"ಕೊನೆಗಿಂತ ಮೊದಲೇ ಕೈ ಹೋದ್ರೆ ನಿಜ ಅಂತ ತಿಳ್ಕೋ."

ಪ್ರದರ್ಶನದ ದಿನ ಸಭೆ ತುಂಬಿತ್ತು. ಕುಣಿತ ಅರ್ಧಕ್ಕೆ ಬಂದಿತ್ತಷ್ಟೇ. ತಂಗಿಯ ಅಂಗೈ ಕುತ್ತಿಗೆಯ ಹಿಂದೆ ಹೋಗಿ ಅಂಟಿಕೊಂಡಿತು. ಅಕ್ಕ ದೀಪದ ಹಿಡಿಗೆ ಕೈ ಹಾಕಿದಳು. ಕೆಳಗೆ ಎಳೆದರಾಯಿತು, ತಂಗಿಯ ಮಾನ ಉಳಿಯುತ್ತಿತ್ತು. ಬೆರಳುಗಳು ಮಡಿಸಿದಲ್ಲೇ ಮರಗಟ್ಟಿದವು. ಎಳೆ, ಎಳೆ ಎಂದು ಒಳಗಿನಿಂದ ಕೂಗಿಕೊಂಡರೂ ಕೈ ಅವಳದಾಗಿರಲಿಲ್ಲ. ಬೆಳಕು ಇದ್ದಂತೆಯೇ ಸುರಿಯುತ್ತಿತ್ತು. ತಂಗಿ ಅದರಲ್ಲಿ ನಿಂತೇ ಇದ್ದಳು. ಸಭೆಯಲ್ಲಿ ಯಾರೋ ಕೆಮ್ಮಿದರು.

ಆಮೇಲೆ ತಂಗಿಯ ಪಕ್ಕೆಲುಬು ಒಮ್ಮೆ ಹಾರಿತು. ಇನ್ನೊಮ್ಮೆ. ಕುತ್ತಿಗೆಯ ಮೇಲಿನ ಕೈ ತಾನಾಗಿ ಜಾರಿ, ಬೆನ್ನಿಗಿಳಿದು, ಕುಣಿತ ಬಿಟ್ಟ ಎಳೆಯನ್ನು ಹಿಡಿದುಕೊಂಡಿತು. ಕೊನೆಯವರೆಗೂ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಬೆವರು ಒರೆಸಿಕೊಳ್ಳದೆಯೇ ಅವಳು ಗೂಡಿನ ಮೆಟ್ಟಿಲು ಹತ್ತಿ ಬಂದಳು.

"ಕತ್ತಲಾಗುತ್ತೆ ಅಂತ ಕಾಯ್ತಾ ನಿಂತಿದ್ದೆ ಅಕ್ಕಾ. ಆಗಲೇ ಇಲ್ಲ. ಕಾದು ಕಾದು ಉಸಿರೇ ವಾಪಸ್ ಬಂತು. ನಾನು ತಡ್ಕೋತೀನಿ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಹೇಗೋ ಗೊತ್ತಾಯ್ತು ಎಂದುಬಿಡಬಹುದಿತ್ತು. ಅಕ್ಕ ತಲೆ ತಗ್ಗಿಸಿದಳು.

"ಗೊತ್ತಾಗಲಿಲ್ಲ ಮಗಾ. ನಂಗೆ ಕೈಯೇ ಆಡಲಿಲ್ಲ."

ತಂಗಿ ಹಿಡಿಯ ಮೇಲಿನಿಂದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ತನ್ನ ಕುತ್ತಿಗೆಯ ಹಿಂದೆ ಇಟ್ಟುಕೊಂಡಳು.