ಮುಚ್ಚಳದ ಸಾಹೇಬರು

ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ಇಂಜಿನಿಯರು ಮೊದಲ ದಿನ ನಮಸ್ಕಾರಕ್ಕಿಂತ ಮುಂಚೆ ಮುಚ್ಚಳ ಕೇಳಿದರು. ಕಂಟ್ರೋಲ್ ರೂಮಿನ ಬೆನ್ನಿಗೆ ಅಂಟಿಕೊಂಡಿರುವ ನನ್ನ ಚಹಾದ ಕೋಣೆಯ ಹೊಸ್ತಿಲಲ್ಲಿ ನಿಂತು, ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು, ಹೇಳದೆ ಕೇಳದೆ ಮನೆ ಬಿಟ್ಟು ಹೊರಟವರನ್ನು ನೋಡುವ ಹಾಗೆ ನೋಡಿ, "ಇದಕ್ಕೆ ಮುಚ್ಚಳ ಇಲ್ವೇನಮ್ಮಾ?" ಎಂದರು. ಕಳೆದುಹೋಗಿ ಎರಡು ವರ್ಷವಾಯಿತೆಂದೆ. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ, ಪಾತ್ರೆಯ ಬಾಯಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ತಗಡಿನ ಮುಚ್ಚಳವೊಂದು ನನ್ನ ಒಲೆಯ ಪಕ್ಕದಲ್ಲಿತ್ತು. ಅಳತೆ ಯಾವಾಗ ತೆಗೆದುಕೊಂಡರೋ ನಾನು ಕಾಣೆ. ಅಂದಿನಿಂದ ಕಾರ್ಖಾನೆಯ ತುಂಬ ಅವರು ಮುಚ್ಚಳದ ಸಾಹೇಬರು.

ಗಿಡ್ಡ ಶರೀರ, ಮೊಣಕೈಗೆ ತೇಪೆ ಬಿದ್ದ ಕಂದು ಉಣ್ಣೆಯ ಕೋಟು. ಕಡುಬೇಸಿಗೆಯಲ್ಲೂ ಅದನ್ನು ಬಿಚ್ಚಿದ್ದು ಕಂಡವರಿಲ್ಲ. ಕೇಳಿದರೆ "ನನ್ನ ಬಿಸಿ ನನ್ನಲ್ಲೇ ಇರ್ಲಿ ಬಿಡಿ" ಎನ್ನುವರು. ನಡೆಯುವುದು ಯಾವಾಗಲೂ ಕೊಳವೆಗಳ ಪಕ್ಕದಲ್ಲೇ. ಕೊಳವೆ ತಿರುಗಿದಲ್ಲಿ ತಾವೂ ತಿರುಗಿ, ಅದು ತಗ್ಗಿದಲ್ಲಿ ತಾವೂ ತಗ್ಗಿ, ನಾಲ್ಕು ಹೆಜ್ಜೆಗೊಮ್ಮೆ ಮುಂಗೈಯ ಹಿಂಬದಿಯನ್ನು ಅದರ ಹೊದಿಕೆಗೆ ಒತ್ತಿ, ಜ್ವರ ಬಂದ ಮಗುವಿನ ತಾಯಿಯಂತೆ ಬಿಸಿ ನೋಡುವರು. ಅವರು ಮನೆಯಲ್ಲಿ ಮರೆತುಬಂದ ಕನ್ನಡಕ ಕೊಡಲು ಒಮ್ಮೆ ಬಂದ ಅವರ ಹೆಂಡತಿ ನನ್ನ ಹತ್ತಿರ ಕೂತು, "ಇವ್ರು ನನ್ನ ಮದ್ವೆ ಆಗಿದ್ದೇ ಹಿಂದಿಂದ ಬಾಗಿಲು ಹಾಕ್ಕೊಂಡು ಬರೋಕೆ ಒಬ್ರು ಬೇಕು ಅಂತ ಕಣಮ್ಮಾ" ಎಂದು ನಗಾಡಿದ್ದರು.

ನಮ್ಮ ಕಾರ್ಖಾನೆಯ ಕೆಲಸವನ್ನು ನನಗೆ ಬಿಡಿಸಿ ಹೇಳಿದ್ದೂ ಅವರೇ. ಬೆಂಜೀನೂ ಅದರ ಜೊತೆಗಿರುವ ಬೇರೆ ಎಣ್ಣೆಗಳೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಆವಿಯಾಗುವ ಜಾತಿಯವು. ಬರಿದೆ ಕುದಿಸಿದರೆ ಅವು ಅಗಲವು. ಎತ್ತರದ ಕಾಲಮ್ಮಿನ, ಅಂದರೆ ಟೊಳ್ಳು ಉಕ್ಕಿನ ಗೋಪುರದ, ನೆತ್ತಿಯಿಂದ ಒಂದು ದ್ರಾವಕವನ್ನು ಸುರಿದರೆ ಅದು ಬೆಂಜೀನನ್ನು ಕೈಹಿಡಿದು ಕೆಳಕ್ಕೆ ಕರೆತರುತ್ತದೆ, ಮಿಕ್ಕವು ಮೇಲೆ ಹೋಗುತ್ತವೆ. ಆಮೇಲೆ ಎರಡನೆಯ ಕಾಲಮ್ಮಿನಲ್ಲಿ ಸ್ಟೀಮ್ ಕೊಟ್ಟು ಆ ಕೈ ಬಿಡಿಸಬೇಕು. ಒಂಟಿಯಾದ ದ್ರಾವಕ ಸುಡುಸುಡುತ್ತ ಹೊರಬಂದು, ತಣಿದು, ಮತ್ತೆ ನೆತ್ತಿಗೆ ಏರಬೇಕು. ಅದರ ಬಿಸಿಯನ್ನು ಇಪ್ಪತ್ತು ವರ್ಷ ನಾವು ಕೂಲಿಂಗ್ ಟವರಿನ ಮೂಲಕ ಗಾಳಿಗೆ ತೂರಿದ್ದೆವು.

"ಈ ಕಡೆ ಬೆಂಕಿ ಹಾಕಿ ಕಾಯ್ಸೋದು, ಆ ಕಡೆ ನೀರು ಬಿಟ್ಟು ಆರ್ಸೋದು. ನಡುವೆ ಹತ್ತೇ ಅಡಿ ಕಣಮ್ಮಾ," ಎನ್ನುವಾಗ ಅವರ ದನಿ ನಿಜವಾಗಿ ನೊಂದಿರುತ್ತಿತ್ತು.

ಆ ವರ್ಷ ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟರು: ತಿಂಗಳ ಕೊನೆಯೊಳಗೆ ಸ್ಟೀಮಿನ ಖರ್ಚು ಐದರಲ್ಲೊಂದು ಪಾಲು ಇಳಿಯದಿದ್ದರೆ ಘಟಕಕ್ಕೆ ಬೀಗ. ಮೂವತ್ತಾರು ಜನರ ಅನ್ನ. ಸಾಹೇಬರು ಹಟ ಹಿಡಿದು, ಹೊರಬರುವ ದ್ರಾವಕದ ಬಿಸಿ ಮೊದಲ ಕಾಲಮ್ಮಿನ ತಳವನ್ನು ಕಾಯಿಸುವಂತೆ ಹೊಸ ಕೊಳವೆಗಳನ್ನು ಜೋಡಿಸಿದರು. ಸ್ಟೀಮ್ ಮೂರು ದಿನ ಇಳಿಯಿತು. ನಾಲ್ಕನೆಯ ದಿನದಿಂದ ಮೆಲ್ಲಗೆ ಮೇಲೇರಿತು. ನಮ್ಮ ಹಳೆಯ ಮೀಟರು ದಿನದ ಮೊತ್ತ ತೋರಿಸುವುದೇ ಹೊರತು ಯಾವ ಗಂಟೆಗೆಷ್ಟು ಎಂದು ಹೇಳದು. ಭಾನುವಾರದ್ದನ್ನು ಸೋಮವಾರಕ್ಕೆ ಸೇರಿಸಿ ಬರೆಯುವುದು ರೂಢಿ. ಸಾಹೇಬರು ಪ್ರತಿ ಬೆಳಿಗ್ಗೆ ವಾಲ್ವನ್ನು ತಾವೇ ಇಳಿಸಿಟ್ಟು, ಸೋರಿಕೆ ಹುಡುಕಿಕೊಂಡು ಕೊಳವೆ ಕೊಳವೆಗೂ ಅಲೆದರು.

"ಸಾರ್, ನಿಮ್ಮ ಮುಚ್ಚಳಕ್ಕೇ ತೂತು ಬಿದ್ದಂಗಿದೆ," ಎಂದರು ಹಿರಿಯ ಆಪರೇಟರು.

"ಎಲ್ಲಿ ಅಂತ ತೋರಿಸಪ್ಪ, ಬೆಸುಗೆ ಹಾಕೋಣ," ಎಂದರು ಇವರು, ಒಂದಿಷ್ಟೂ ಮುಖ ಸಿಂಡರಿಸದೆ.

ತಿಂಗಳ ಕೊನೆಗೆ ಇನ್ನು ಹನ್ನೆರಡು ದಿನ. ಮಧ್ಯಾಹ್ನ ನನ್ನ ಬೆಂಚಿನ ಮೇಲೆ ಕೂತ ಸಾಹೇಬರು ಲೋಟ ಹಿಡಿದಿದ್ದರೂ ಚಹಾ ಕುಡಿಯಲಿಲ್ಲ. ಸ್ಟೀಮಿನ ದೊಡ್ಡ ಕೊಳವೆ ನನ್ನ ಗೋಡೆಯ ಆಚೆಗೇ ಹಾದುಹೋಗುತ್ತದೆ. ನಮ್ಮ ಯಜಮಾನರು ಬಾಯ್ಲರಿನವರಾದ್ದರಿಂದ ಅದರ ಸದ್ದಿನ ಏರಿಳಿತ ನನಗೆ ಹೊಸದಲ್ಲ. ಗೋಡೆ ದನಿ ಎತ್ತಿತು.

"ಒಂದೂವರೆ ಆಯ್ತು ನೋಡಿ," ಎಂದೆ.

"ಗಡಿಯಾರ ಎಲ್ಲಿದೆಯಮ್ಮಾ ಇಲ್ಲಿ?"

"ಗೋಡೆ ಹೇಳ್ತಲ್ಲ. ಎರಡು ಗಂಟೆಗೆ ಪಾಳಿ ಬದ್ಲಾಗೋಕೆ ಅರ್ಧ ಗಂಟೆ ಮುಂಚೆ ದಿನಾ ಹೀಗೇ ಕೂಗೋಕೆ ಶುರು. ಆಮೇಲೆ ಇಳಿಯೋದಿಲ್ಲ."

"ದಿನಾನಾ?"

"ಭಾನುವಾರ ಒಂದು ಬಿಟ್ಟು."

ಕೈಯಲ್ಲಿದ್ದ ಲೋಟವನ್ನು ಅವರು ಅಷ್ಟು ನಿಧಾನವಾಗಿ ಕೆಳಗಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಭಾನುವಾರ ಲ್ಯಾಬಿಗೆ ರಜೆ. ಅಂದು ಬೆಂಜೀನಿನ ಸ್ಯಾಂಪಲ್ ತೆಗೆಯುವವರಿಲ್ಲ.

ಹಿರಿಯ ಆಪರೇಟರು ಮುಚ್ಚಿಡಲಿಲ್ಲ. ಪಾಳಿ ಮುಗಿಯುವ ಹೊತ್ತಿಗೇ ಸ್ಯಾಂಪಲ್ ತೆಗೆಯುವುದು. ಸ್ಟೀಮ್ ಇಳಿದ ಮೇಲೆ ಅದು ಕೆಟ್ಟೀತೆಂಬ ಅಂಜಿಕೆ ಹುಟ್ಟಿ, ಪ್ರತಿಯೊಬ್ಬನೂ ಹೊರಡುವ ಮುಂಚೆ ಸ್ಟೀಮನ್ನೂ ದ್ರಾವಕವನ್ನೂ ಒಂದೊಂದು ಸುತ್ತು ಹೆಚ್ಚಿಸುವನು. ಬಂದವನಿಗೆ ಇಳಿಸಲು ಎದೆ ಸಾಲದು.

"ಸ್ಯಾಂಪಲ್ ಕೆಟ್ರೆ ಮ್ಯಾನೇಜರು ಹಾಕ್ಸಿರೋ ತಪ್ಪು ಮಾಡ್ದೋರ ಬೋರ್ಡ್ ಮೇಲೆ ನಮ್ಮ ಹೆಸ್ರು ಬರುತ್ತೆ ಸಾರ್. ಸ್ಟೀಮ್ ಜಾಸ್ತಿ ಆದ್ರೆ ಯಾರ ಹೆಸ್ರೂ ಬರಲ್ಲ."

ಸಾಹೇಬರು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಮ್ಯಾನೇಜರ ಬಳಿ ಹೋಗಿ ಹತ್ತು ದಿನದ ಮಟ್ಟಿಗೆ ಬೋರ್ಡನ್ನು ಬೇಡಿ ತಂದರು. "ಶಿಸ್ತು ಹೋದ್ರೆ ನೀವೇ ಹೊಣೆ" ಎಂಬ ಮಾತನ್ನೂ ಅದರ ಜೊತೆ ಹೊತ್ತು ತಂದರು. ಸ್ಯಾಂಪಲನ್ನು ಪಾಳಿಯ ನಡುವಿಗೆ ಸರಿಸಿದರು. ಬೋರ್ಡನ್ನು ಏನು ಮಾಡಿದರೆಂದು ಕೇಳಿದರೆ ನಗುವಿರಿ: ಹಿತ್ತಲಲ್ಲಿ ಹಬೆಯಾಡುತ್ತ ಬಾಯಿ ತೆರೆದುಕೊಂಡಿದ್ದ ಬಿಸಿನೀರಿನ ತೊಟ್ಟಿಗೆ ಅದು ಸರಿಯಾಗಿ ಕೂತಿತು. ಸ್ಟೀಮ್ ಐದರಲ್ಲೊಂದಲ್ಲ, ನಾಲ್ಕರಲ್ಲೊಂದು ಪಾಲು ಇಳಿಯಿತು. ಬೆಂಜೀನಿನ ಶುದ್ಧಿ ಕೂದಲೆಳೆಯಷ್ಟೂ ಕುಂದಲಿಲ್ಲ. ಬೀಗ ಬರಲಿಲ್ಲ, ಬೋರ್ಡೂ ಮೇಲೇಳಲಿಲ್ಲ.

ಇಂಥವರನ್ನು ಲೋಕ ಜಿಪುಣರೆನ್ನುತ್ತದೆ. ಜಿಪುಣ ತನ್ನದನ್ನು ಮಾತ್ರ ಕಾಯುವವನು. ಇವರೋ ಯಾರದೆಂದು ಕೇಳದೆ, ಒಮ್ಮೆ ಶ್ರಮಪಟ್ಟು ಹುಟ್ಟಿಸಿದ ಬಿಸಿ ಅನಾಥವಾಗಿ ಹೋಗುವುದನ್ನು ಸಹಿಸಲಾರದವರು. ಆ ಸಂಕಟ ಉಳ್ಳವರಿಗೆ ಅಹಂಕಾರಕ್ಕೆ ಪುರುಸೊತ್ತಿರುವುದಿಲ್ಲ. ಚಹಾ ಕಾಯಿಸುವವಳ ಮಾತಿಗೂ ಕಿವಿ ತೆರೆದಿರುತ್ತದೆ.

ಮರುವರ್ಷ ಇನ್ನೊಂದು ಕಾರ್ಖಾನೆಯವರು ಅವರನ್ನು ಕರೆಸಿಕೊಂಡರು. ಹೊರಟ ದಿನ ನಕ್ಷೆಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದು, ಪರೀಕ್ಷೆಗೆ ಹೋಗುವವರ ಮುಖ ಮಾಡಿ ಕೇಳಿದರು:

"ಅಮ್ಮಾ, ಕೊಳವೆ ಎಲ್ಲೆಲ್ಲಿದೆ ಅಂತ ನಕ್ಷೆ ಕಳ್ಸಿದಾರೆ. ಅಲ್ಲಿ ಯಾರಿಗೆ ಯಾರ ಹೆದರಿಕೆ ಅಂತ ಯಾರನ್ನ ಕೇಳ್ಲಿ?"