ದಾಸವಾಳ ಸುರುಟಿಕೊಂಡ ಬೆಳಿಗ್ಗೆ

ತಾನೇ ಕೊಂದೆನೇ? ಸಸ್ಯಶಾಸ್ತ್ರ ಓದಿ ಪದವಿ ಪಡೆದವಳಿಗೆ ಬರಬಾರದ ಅನುಮಾನ. ಆದರೂ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದ ಸಂಘಮಿತ್ರಾಳಿಗೆ ಅದು ಬಂದೇಬಿಟ್ಟಿತು. ದಾಸವಾಳದ ಎಲೆಗಳು ಮುಷ್ಟಿ ಕಟ್ಟಿದಂತೆ ಸುರುಟಿಕೊಂಡಿದ್ದವು. ನಂದಿಬಟ್ಟಲಿನ ಎಳೆಚಿಗುರು ತಿರುಚಿ ನೆಲ ನೋಡುತ್ತಿತ್ತು. ಹೊರಗಾದವರು ಹೂವಿನ ಗಿಡ ಮುಟ್ಟಿದರೆ ಒಣಗುತ್ತದೆ ಎಂಬುದು ಹರಪನಹಳ್ಳಿಯ ಆ ಓಣಿಯಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಈ ವಾರ ಅವಳು ಹೊರಗಾಗಿದ್ದಳು. ಆದರೂ ಯಾರೂ ಏಳುವ ಮೊದಲೇ ಎದ್ದು ನೀರುಣಿಸಿದ್ದಳು, ಬಾಡಿದ ಹೂ ಕಿತ್ತಿದ್ದಳು, ಕುಡಿ ಚಿವುಟಿದ್ದಳು. ಈ ವಾರವಷ್ಟೇ ಅಲ್ಲ, ಪ್ರತಿ ಸಲವೂ. ಯಾರಿಗೂ ಹೇಳಿರಲಿಲ್ಲ.

ಆ ಗಿಡಗಳೆಲ್ಲ ಅವಳ ಆಯ್ಕೆ. ಮೊದಲು ಆಸೆಪಟ್ಟು ತಂದ ಗುಲಾಬಿ ಬೋರಿನ ಸವುಳು ನೀರಿಗೆ ಸುಟ್ಟುಹೋಗಿತ್ತು. ಆಮೇಲೆ ಅವಳು ಚೆಂದ ನೋಡಿ ಗಿಡ ತರುವುದನ್ನು ಬಿಟ್ಟಳು. ಈ ನೀರು ಕುಡಿದು, ಈ ಬಿಸಿಲು ತಿಂದು ಬದುಕುವಂಥವನ್ನೇ ಹುಡುಕಿದಳು. ಮೂಲೆಗೆ ಕಣಗಿಲೆ, ಬಾಗಿಲಿನ ಎರಡೂ ಕಡೆ ಮುದ್ದೆ ದಾಸವಾಳ, ಕಿಟಕಿಯ ಕೆಳಗೆ ನಂದಿಬಟ್ಟಲು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಈ ಗಿಡಗಳ ಜೊತೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದಳು.

ಪೂಜೆಯ ಹೂವಿಗೆಂದು ಬುಟ್ಟಿ ಹಿಡಿದು ಬಂದ ಅಜ್ಜಿ ಗುರುಬಸಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಯವ್ವಾ, ಇದೇನಾತು! ಯಾರ ಕಣ್ಣು ಬಿತ್ತೋ!"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಭರಮಮ್ಮ ಕತ್ತು ಚಾಚಿದಳು. "ಕಣ್ಣಲ್ಲ ಬಿಡ್ರಿ ಗುರುಬಸಮ್ಮಾರ, ಇದು ಮೈಲಿಗಿ. ನಿಮ್ಮನ್ಯಾಗ ಹರೇದ ಹುಡುಗಿ ಅದಾಳಲ್ಲ."

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಏ ಮಿತ್ರೀ, ಮುಟ್ಟಿದ್ದೇನು?"

ಬಾಯಲ್ಲಿ ಬ್ರಷ್ ಇದ್ದದ್ದು ಒಳ್ಳೆಯದೇ ಆಯಿತು. ಮಿತ್ರಾ ನೊರೆ ಉಗುಳುವ ನೆಪದಲ್ಲಿ ಆ ಕಡೆ ತಿರುಗಿದಳು. ಅಜ್ಜಿಗೆ ಅಷ್ಟೇ ಸಾಕಾಯಿತು.

"ನೋಡಿದ್ರೇನ್ರಿ? ಸುಮ್ಮನಾದ್ಲು!"

ಗದ್ದಲಕ್ಕೆ ಅಣ್ಣ ಅರುಣ ಲುಂಗಿ ಕಟ್ಟಿಕೊಳ್ಳುತ್ತಾ ಬಂದ. "ಬಿಡಜ್ಜಿ, ಎಲ್ಲಾ ಕಿತ್ತೊಗದು ಸಿಮೆಂಟ್ ಹಾಕಸ್ತೀನಿ. ಬೈಕ್ ನಿಲ್ಸಾಕ ಜಾಗಾನರ ಆಗ್ತೈತಿ. ಇವಳ ಗಿಡದ ಪಾಠ ಸಾಕು ಸಾಕಾಗೈತಿ." ಹೇಳಿದವನು ಗುದ್ದಲಿ ತರಲು ಹೋಗಿಯೇಬಿಟ್ಟ.

ಮಿತ್ರಾ ದಾಸವಾಳದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಬೇರು ಗಟ್ಟಿಯಾಗಿತ್ತು, ಮಣ್ಣು ತೇವವಾಗಿತ್ತು. ಆಗ ಕಂಡಿತು: ಅದೇ ಬುಡದಲ್ಲಿ ಗರಿಕೆ ಹಸಿರುಕ್ಕಿಸಿಕೊಂಡು ನಿಂತಿತ್ತು. ಗಿಡ ಸಾಯುತ್ತಿತ್ತು, ಹುಲ್ಲಿಗೆ ಏನೂ ಆಗಿರಲಿಲ್ಲ. ಅವಳು ಹಿತ್ತಲಿಗೆ ನಡೆದು, ಅರುಣ ತೆಲಿಗಿ ಊರಿನ ಹೊಲಕ್ಕೆ ಒಯ್ಯುವ ಔಷಧಿ ಪಂಪಿನ ಮುಚ್ಚಳ ತೆಗೆದು ಮೂಸಿದಳು. ಕಳೆನಾಶಕದ ಘಾಟು ಮೂಗಿಗೆ ಹೊಡೆಯಿತು.

ಮೊನ್ನೆ ದಾಸವಾಳಕ್ಕೆ ಬಿಳಿ ಹುಳ ಹತ್ತಿದೆಯೆಂದು ಇದೇ ಪಂಪಿನಿಂದ ಅಂಗಳದ ಗಿಡಗಳಿಗೆಲ್ಲ ಔಷಧಿ ಸಿಂಪಡಿಸಿ ಉಪಕಾರ ಮಾಡಿದವನು ಅರುಣನೇ.

"ಅಣ್ಣಾ, ಮೆಕ್ಕೆಜೋಳದ ಕಳಿಗೆ ಹೊಡದ ಮ್ಯಾಲೆ ಪಂಪು ತೊಳದಿದ್ದೇನು?"

ಗುದ್ದಲಿ ಹಿಡಿದು ಬಂದವನು ನಿಂತ. "ತೊಳಿಯೋದೇನಲೇ, ಒಂದು ಚೊಂಬು ನೀರು ಹಾಕಿ ಅಲ್ಲಾಡ್ಸಿ ಚೆಲ್ಲಿದ್ನಿ."

"ಮೆಕ್ಕೆಜೋಳ ಹುಲ್ಲಿನ ಜಾತಿ, ಅದಕ್ಕ ಏನೂ ಆಗಲ್ಲ. ಅಗಲ ಎಲಿ ಗಿಡಕ್ಕ ಅದು ವಿಷ. ಗರಿಕಿ ಹೆಂಗೈತಿ ನೋಡು, ದಾಸವಾಳ ಹೆಂಗೈತಿ ನೋಡು."

ಅರುಣ ನೋಡಿದ. ತಲೆ ಕೆರೆದುಕೊಂಡ. "ಹೌದಲ್ಲಲೇ! ಇರಬೌದು ನೋಡು," ಎಂದು ನಕ್ಕ.

ನಗು! ಅವನ ಪಾಲಿಗೆ ಅಷ್ಟಕ್ಕೇ ಮುಗಿಯಿತು. ಅಡುಗೆಮನೆಯಿಂದ ಅವ್ವ ಇಣುಕಿ, "ಪಾಪ, ಗೊತ್ತಾಗದಂಗ ಆಗೈತಿ. ಮಿತ್ರೀ, ಅಣ್ಣಗ ಚಾ ಒಯ್ದು ಕೊಡು ಬಾ" ಎಂದಳು. ಇಷ್ಟು ಹೊತ್ತು ಓಣಿಗೆ ಕೇಳುವಂತೆ ಒಬ್ಬಳ ಮೈಯನ್ನು ಜಾಲಾಡಿದ ಬಾಯಿಗಳಲ್ಲಿ ಒಂದೂ ಅವನಿಗೆ ಛೀ ಅನ್ನಲಿಲ್ಲ. ಮಿತ್ರಾಳ ಕಿವಿ ಕಾದು ಕೆಂಪಾಯಿತು.

ಅಜ್ಜಿ ಸೋಲುವವಳಲ್ಲ. "ಔಷಧಿ ಅಂತ ಔಷಧಿ! ಮುಟ್ಟಾದ ಕೈ ಬಿದ್ದ ಗಿಡಕ್ಕ ಹಾಲು ಹಾಕಿದ್ರೂ ವಿಷಾನ. ಗಂಡುಹುಡುಗ, ಅವನ ಕೈಯಾಗೇನು ತಪ್ಪೈತಿ? ಅರುಣಾ, ಕಿತ್ತು ಹಾಕು. ಈಕಿ ಇರೋತನಕ ಈ ಮನ್ಯಾಗ ಹೂವು ಬಾಳಂಗಿಲ್ಲ."

"ಖರೇ ಅಂದ್ರಿ," ಎಂದಳು ಭರಮಮ್ಮ.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ಮಠದ ಪುರಾಣದಲ್ಲಿ ತಲೆದೂಗಿ ಬರುವ ಅಜ್ಜಿ! ಅರುಣ ಹಿಂದೆಮುಂದೆ ನೋಡುತ್ತಲೇ ಗುದ್ದಲಿ ಎತ್ತಿದ. ಮೊದಲ ಏಟು ಕಣಗಿಲೆಯ ಬುಡಕ್ಕೆ ಬಿತ್ತು. ಬಿಳಿ ಹಾಲು ಒಸರಿತು.

ಎರಡನೆಯ ಏಟು ಬೀಳುವಷ್ಟರಲ್ಲಿ ಮಿತ್ರಾ ಗಿಡಕ್ಕೆ ಅಡ್ಡ ನಿಂತಿದ್ದಳು.

"ನಾ ಪ್ರತಿ ತಿಂಗಳೂ ಮುಟ್ಟೀನಿ ಅಜ್ಜಿ. ಹೊರಗಾದಾಗೆಲ್ಲ ನಾನೇ ನೀರು ಹಾಕೀನಿ, ನಾನೇ ಕುಡಿ ಚಿವುಟೀನಿ. ಇಷ್ಟು ವರ್ಷ ನಿನ್ನ ಲಿಂಗದ ಮ್ಯಾಲೆ ಏರಿದ್ದೆಲ್ಲ ಈ ಕೈ ಮುಟ್ಟಿದ ಗಿಡದ ಹೂವ."