ಎಡಗೈಲಿ ಬೀಸಿದ ಪದ

ಪದ ತನ್ನದೇ ಅಂತ ಅಜ್ಜಿ ಹೇಳಿದ ದಿನದಿಂದ ಮಂಜುಳಾಗೆ ಅಜ್ಜಿಯ ಮೇಲೇ ಅನುಮಾನ.

ಬಿ.ಎ. ಮುಗಿಸಿ ಶೆಟ್ಟಿಹಳ್ಳಿಯ ಮನೆಯಲ್ಲಿ ಸುಮ್ಮನೆ ಕೂತಿದ್ದವಳಿಗೆ ಕಾಲೇಜಿನ ಮೇಷ್ಟ್ರು ರಾಮಾಂಜಿನಯ್ಯ ತಮ್ಮ ಪುಸ್ತಕಕ್ಕೆಂದು ಬೀಸೋ ಪದಗಳನ್ನು ಕಾರ್ಡಿಗೊಂದರಂತೆ ಬರೆದು ತರುವ ಕೆಲಸ ಹಚ್ಚಿದ್ದರು. ಎಪ್ಪತ್ತೊಂಬತ್ತನೇ ಇಸವಿ. ಮಿಲ್ಲು ಬಂದು ರಾಗಿಕಲ್ಲು ಮೂಲೆ ಸೇರಿ, ಪದಗಳು ಮುದುಕಿಯರ ಬಾಯಲ್ಲಷ್ಟೇ ಉಳಿದಿದ್ದವು. ಮೊದಲ ಕಾರ್ಡು ಮನೆಯಲ್ಲೇ ಆಗಲಿ ಅಂತ ಅಜ್ಜಿ ಸಿದ್ದಲಕ್ಷ್ಮಮ್ಮನ ಮುಂದೆ ಕೂತಳು.

ಎಡಗೈಲಿ ಗೂಟ ಹಿಡಿದೆ ಬಲಗೈಲಿ ರಾಗಿ ಬಿಟ್ಟೆ
ಕಡೆಗೊಂದು ಮಾತ ಕೇಳೇ ರಾಗಿಕಲ್ಲೆ, ನಮ್ಮಣ್ಣ
ತಡವಾಗಿ ಬಂದ ಕರೆಯಾಕೆ

"ಇದು ನಾನೇ ಕಟ್ಟಿದ್ದು ಕಣೇ," ಅಂದಳು ಅಜ್ಜಿ. "ತವರು ಮಾರ್ಕೋನಹಳ್ಳೀಲಿ ನಮ್ಮವ್ವ ಹೋದಾಗ ಅಣ್ಣ ಬಂದು ಕರ್ಕೊಂಡೋಗೋ ಹೊತ್ಗೆ ಮಣ್ಣೇ ಮುಗ್ದಿತ್ತು. ಪುಸ್ತಕ್ದಾಗೆ ನನ್ನೆಸ್ರು ಬರುಸ್ಬೇಕು ನೋಡು. ಒಂದ್ ಕಡೆನಾದ್ರೂ ಇರ್ಲಿ."

ಮೇಷ್ಟ್ರು ಕಾರ್ಡು ನೋಡಿ ನಕ್ಕರು. "ಕಟ್ಟಿದೋರು ಗೊತ್ತಿದ್ರೆ ಅದು ಜಾನಪದ ಹೆಂಗಾಗುತ್ತಮ್ಮ? ಯಾರದು ಅಂತ ತಿಳೀದೆ ಬಾಯಿಂದ ಬಾಯಿಗೆ ಬಂದಿದ್ದೇ ಜಾನಪದ. ಹೆಸರು ಹೊಡೆದುಹಾಕು, ಪದ ಪುಸ್ತಕಕ್ಕೆ ಬರುತ್ತೆ. ಹೆಸರೇ ಬೇಕು ಅಂದ್ರೆ ಪದ ಬರಲ್ಲ. ಅಲ್ಲಮ್ಮ, ಯಾವ ಮುದುಕಿ ತಾನೆ ನಂದಲ್ಲ ಅಂತಾಳೆ?"

ಮಂಜುಳಾ ಕಾರ್ಡು ಎತ್ತಿಕೊಂಡು ಹೊರಟಳು. ಮೇಷ್ಟ್ರ ನಗು ಮನೆಯವರೆಗೂ ಹಿಂದೆ ಬಂತು.

ಮುಂದಿನ ವಾರ ಗುಬ್ಬಿಯಲ್ಲಿ ರೇವಮ್ಮ ಅನ್ನುವಾಕೆ ಕಲ್ಲು ಎಳೆದುಕೊಂಡು ಹಾಡಿದಳು. ಅದೇ ಪದ, ಅಕ್ಷರ ಆಚೀಚೆ ಇಲ್ಲ. ಅಜ್ಜಿ ಸುಳ್ಳು ಹೇಳಿದಳೆ?

"ಯಾರು ಕಲಿಸಿದ್ದು?"

"ನಮ್ಮತ್ತೆ. ಕುಣಿಗಲ್ ಕಡೆಯೋರು, ಮಾರ್ಕೋನಹಳ್ಳಿ ಹತ್ರ."

ಆಗ ಅವಳಿಗೆ ಕಂಡಿದ್ದು ರೇವಮ್ಮನ ಕೈ. ಬಾಯಿ ಎಡಗೈ ಅನ್ನುತ್ತಿತ್ತು, ಗೂಟ ಬಲಗೈಯಲ್ಲಿತ್ತು.

"ಪದ ಇರೋದೇ ಹಂಗೆ," ಅಂದಳು ರೇವಮ್ಮ. "ಯಾಕೆ ಅಂತ ನಮ್ಮತ್ತೇನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಮನೆಗೆ ಬಂದವಳೇ ಹಿತ್ತಲ ಕಲ್ಲು ತೊಳೆದು, ಹಿಡಿ ರಾಗಿ ಇಟ್ಟು, ಬೀಸಿ ತೋರಿಸು ಅಂತ ಅಜ್ಜಿಗೆ ಅಂದಳು.

"ಏನೇ, ಪೊಲೀಸ್ನೋರ್ ತರ ನೋಡ್ತಾ ನಿಂತಿದೀಯ?" ಗೊಣಗುತ್ತಲೇ ಅಜ್ಜಿ ಕಾಲು ಚಾಚಿ ಕೂತಳು. ಎಡಗೈ ತಾನಾಗಿ ಗೂಟಕ್ಕೆ ಹೋಯಿತು. ಮಣಿಕಟ್ಟಿನ ಹತ್ತಿರ ಹಳೇ ಸುಟ್ಟ ಗಾಯ. "ಎಡಚಿ ಸೊಸೆ ಬಂದ್ಲು ಅಂತ ಅತ್ತೆ ಬರೆ ಹಾಕಿದ್ರು. ಉಣ್ಣೋದು ಬಲಗೈಗೆ ಬಂತು. ಬೀಸೋದು ಬರ್ಲಿಲ್ಲ ಬುಡು."

ಮಂಜುಳಾ ಇದಿಷ್ಟನ್ನೂ ಅಜ್ಜಿಯ ಕಾರ್ಡಿನ ಹಿಂದೆ ಬರೆದು, ರೇವಮ್ಮನ ಕಾರ್ಡಿನ ಜೊತೆ ಮೇಷ್ಟ್ರ ಮುಂದಿಟ್ಟಳು. ಅವರು ಓದಿ, "ನೋಡೋಣ, ಇಲ್ಲೇ ಇರಲಿ," ಅಂದರು. ಆ 'ನೋಡೋಣ'ದಲ್ಲೇ ಹೆಸರು ಹೊಡೆದುಹಾಕುವ ಇರಾದೆ ಇತ್ತು.

"ಹೆಸರಿಲ್ಲದೆ ಬೇಡ ಸಾರ್. ವಾಪಸ್ ಕೊಡಿ." ಅದು ತನ್ನದೇ ದನಿಯೆ ಅಂತ ಅವಳಿಗೇ ನಂಬಿಕೆಯಾಗಲಿಲ್ಲ. ಅಜ್ಜಿಯ ಕಾರ್ಡು ಕೈಗೆ ಬಂತು. ಆದರೆ ರೇವಮ್ಮನ ಕಾರ್ಡು ಅವರ ಹತ್ತಿರವೇ ಇದೆ ಅನ್ನುವುದು ಬಸ್‌ಸ್ಟ್ಯಾಂಡಿಗೆ ಬಂದಮೇಲೆ ಹೊಳೆಯಿತು.

ವರ್ಷ ಕಳೆದು ಪುಸ್ತಕ ಬಂತು. ಮಂಜುಳಾ ಒಂದೊಂದೇ ಹಾಳೆ ತಿರುವಿದಳು. ನಲವತ್ತೊಂದನೇ ಪುಟದಲ್ಲಿ ಸಿಕ್ಕಿತು. ಹಾಡಿದವರು: ರೇವಮ್ಮ, ಗುಬ್ಬಿ. ಸಾಲದ್ದಕ್ಕೆ ಪದವನ್ನೂ ತಿದ್ದಿದ್ದರು.

"ಓದೇ," ಅಂದಳು ಅಜ್ಜಿ.

"ಬಲಗೈಲಿ ಗೂಟ ಹಿಡಿದೆ ಎಡಗೈಲಿ ರಾಗಿ ಬಿಟ್ಟೆ..."

ಅಜ್ಜಿ ಗಕ್ಕನೆ ತಡೆದಳು. "ತಗಿ ತಗಿ, ಅದು ನಂದಲ್ಲ. ಯಾವಳೋ ಬಲಗೈನೋಳು ಕಟ್ಟವ್ಳೆ." ನಗುತ್ತಿದ್ದಳೋ ಇಲ್ಲವೋ, ಕೆನ್ನೆ ಮಾತ್ರ ಅದುರುತ್ತಿತ್ತು. "ನಂದು ಎಲ್ಲೈತೆ?"

ಮಂಜುಳಾ ಟ್ರಂಕಿನಿಂದ ಕಾರ್ಡು ತೆಗೆದು, ಮೇಲಿನ ಹೆಸರಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಅಕ್ಷರ ಬಾರದ ಅಜ್ಜಿ ಮೊಮ್ಮಗಳ ಕಣ್ಣನ್ನೇ ದಿಟ್ಟಿಸುತ್ತಿದ್ದಳು.

"ನಿಜ್ವಾಗ್ಲೂ ಬರ್ದೈತಾ? ಯಾವ್ದು ನನ್ನೆಸ್ರು, ತೋರ್ಸು."

ತೋರಿಸಿದಳು. ಅಜ್ಜಿ ಅದರ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಎಡಗೈ ಬೆರಳು.